ಸೂಜಿ ಬೇಡದ ಹೂವು: ರೆಂಜೆ ಸರ ಪೋಣಿಸುವುದು ಹೀಗೆ

ರೆಂಜೆ ಹೂವನ್ನು ಯಾರೂ ಕೊಯ್ಯುವುದಿಲ್ಲ, ಹೆಕ್ಕುತ್ತಾರೆ. ರಾತ್ರಿಯಿಡೀ ಮರ ತಾನೇ ಉದುರಿಸುತ್ತದೆ. ಬೆಳಿಗ್ಗೆ ನೀವು ಬೇಗ ಎದ್ದರಾಯಿತು. ಬಕುಳ ಅಂದರೂ ಇದೇ. ಸಪೋಟದ ಬಳಗದ ಮರ, ವರ್ಷವಿಡೀ ಹಸಿರು. ಕರಾವಳಿ, ಮಲೆನಾಡಿನಲ್ಲಿ ದೇವಸ್ಥಾನದ ಅಂಗಳದಲ್ಲಿ ಸಿಗುತ್ತದೆ, ಬೆಂಗಳೂರಿನ ಪಾರ್ಕು, ರಸ್ತೆ ಬದಿಗಳಲ್ಲೂ ಇದೆ.

ಮೊದಲು ಮರದ ಬುಡ ಗುಡಿಸಿಡಿ. ಹಿಂದಿನ ಸಂಜೆಯೇ ಗುಡಿಸಿದರೆ ಹೂವಿಗೆ ಮಣ್ಣು ಮೆತ್ತುವುದಿಲ್ಲ. ಹಳೆಯ ಸೀರೆ ಹಾಸಿದರೆ ಇನ್ನೂ ಒಳ್ಳೆಯದು. ಬಿಸಿಲು ಏರುವ ಮುಂಚೆ ಹೆಕ್ಕಿ. ನೆಲಕ್ಕೆ ಬಿದ್ದ ಹೂ ದೇವರಿಗೆ ಆಗದು ಅನ್ನುವವರೂ ಪಾರಿಜಾತ, ರೆಂಜೆಗೆ ಮಾತ್ರ ರಿಯಾಯಿತಿ ಕೊಡುತ್ತಾರೆ.

ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿ. ಕಿರುಬೆರಳಿನ ಉಗುರಿನಷ್ಟು ನಕ್ಷತ್ರ, ಕೆನೆ ಬಣ್ಣ. ಸುತ್ತ 24 ಸಣ್ಣ ಎಸಳು. ನಡುವೆ ಒಂದು ತೂತು! ಹೂ ಉದುರುವಾಗ ತೊಟ್ಟಿನ ಭಾಗ, ಕಾಯಿ ಕಟ್ಟುವ ಭಾಗ ಎರಡೂ ಮರದಲ್ಲೇ ಉಳಿಯುತ್ತವೆ. ಆ ಜಾಗವೇ ತೂತು. ಅದಕ್ಕೇ ಇದಕ್ಕೆ ಸೂಜಿ ಬೇಡ.

ಈಗ ನಾರು. ಬಾಳೆ ದಿಂಡಿನ ಹೊರಗಿನ ಒಣ ಪಟ್ಟೆಯನ್ನು ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉದ್ದಕ್ಕೆ ತೆಳ್ಳಗೆ ಸೀಳಿ. ತೂತಿನಲ್ಲಿ ಸಲೀಸಾಗಿ ಹೋಗಬೇಕು, ಎಳೆದರೆ ತುಂಡಾಗಬಾರದು. ಒಂದು ತುದಿಯನ್ನು ಬೆರಳಲ್ಲಿ ಹೊಸೆದು ಚೂಪು ಮಾಡಿ. ಇನ್ನೊಂದು ತುದಿಗೆ ಮೊದಲ ಹೂವನ್ನು ಗಂಟು ಹಾಕಿ ಕಟ್ಟಿ, ಇಲ್ಲದಿದ್ದರೆ ಎಲ್ಲ ಜಾರಿಹೋಗುತ್ತವೆ. ಆಮೇಲೆ ಒಂದೊಂದೇ ಹೂ ಪೋಣಿಸಿ, ಎಲ್ಲದರ ಮುಖ ಒಂದೇ ಕಡೆ ಇರಲಿ. ಜೋರಾಗಿ ಒತ್ತಬೇಡಿ, ಎಸಳು ಮುರಿಯುತ್ತದೆ. ಮೊಳ ಸರಕ್ಕೇ ರಾಶಿ ಹೂ ಬೇಕು, ಮಕ್ಕಳನ್ನೂ ಕೂರಿಸಿಕೊಳ್ಳಿ.

ಮಲ್ಲಿಗೆಯಾದರೆ ಮರುದಿನಕ್ಕೆ ಮುಗಿಯಿತು ಅಲ್ವಾ? ರೆಂಜೆ ಹಾಗಲ್ಲ. ಬಣ್ಣ ಕಂದಾಗುತ್ತದೆ, ಪರಿಮಳ ಹೋಗುವುದಿಲ್ಲ. ನೆರಳಲ್ಲಿ ಪೂರ್ತಿ ಒಣಗಿಸಿ ಸೀರೆ ಮಡಿಕೆಯಲ್ಲಿಡಿ. ನಮ್ಮ ಅಜ್ಜಿಯ ಟ್ರಂಕು ತೆರೆದರೆ ಮೊದಲು ಬರುತ್ತಿದ್ದದ್ದು ಈ ವಾಸನೆಯೇ. ಹೆಣ್ಣು ಬಾಯಲ್ಲಿ ಮದ್ಯ ತುಂಬಿ ಚಿಮುಕಿಸಿದರೆ ಬಕುಳ ಅರಳುತ್ತದೆ ಎಂದು ಸಂಸ್ಕೃತ ಕವಿಗಳು ಕಟ್ಟಿದ್ದರು. ಈ ಪರಿಮಳಕ್ಕೆ ಮದ್ಯದ್ದೇ ಅಮಲು ಕಂಡಿದ್ದರೇನೋ.

ಮದ್ದಿನ ವಿಷಯಕ್ಕೆ ಬಂದರೆ ತೊಗಟೆಯೇ ಮುಖ್ಯ. ಅದು ಒಗರು. ಆಯುರ್ವೇದದಲ್ಲಿ ಹಲ್ಲು, ವಸಡಿಗೆ ಬಳಸುತ್ತಾರೆ, ಹಲ್ಲುಪುಡಿಗೂ ಹಾಕುತ್ತಾರೆ. ಒಂದು ಚಮಚ ತೊಗಟೆ ಪುಡಿಯನ್ನು ಎರಡು ಲೋಟ ನೀರಲ್ಲಿ ಹಾಕಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ಬೆಚ್ಚಗಿರುವಾಗ ಬಾಯಿ ಮುಕ್ಕಳಿಸಿ ಉಗಿಯಿರಿ. ನುಂಗಬೇಡಿ. ವಸಡಿನ ರಕ್ತ ನಿಲ್ಲದಿದ್ದರೆ ಸುಮ್ನೆ ಕಷಾಯ ನಂಬಿ ಕೂರದೆ ದಂತ ವೈದ್ಯರ ಹತ್ತಿರ ಹೋಗಿ. ಪುಡಿ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ. ಮರಕ್ಕೆ ಮಾತ್ರ ಕತ್ತಿ ಹಾಕಬೇಡಿ, ಸುತ್ತಲೂ ತೊಗಟೆ ಕಿತ್ತರೆ ಮರವೇ ಸಾಯುತ್ತದೆ.

ಕಿತ್ತಳೆ ಬಣ್ಣದ ಹಣ್ಣು ಬಿದ್ದಿದ್ದರೆ ಒಂದು ತಿಂದು ನೋಡಿ. ಹಿಟ್ಟುಹಿಟ್ಟಾಗಿ, ಸಿಹಿಯ ಹಿಂದೆ ಒಗರು. ಬೀಜ ಎಸೆಯಬೇಡಿ. ತೊಳೆದು, ತಾಜಾ ಇರುವಾಗಲೇ ಬಿತ್ತಿ. ಮೊಳೆಯುವುದು ನಿಧಾನ, ಬೆಳೆಯುವುದೂ ನಿಧಾನ. ದಿನಾ ಗುಡಿಸುವ ಅಂಗಳದ ಅಂಚಿನಲ್ಲಿ ನೆಟ್ಟರೆ ಹೆಕ್ಕುವವರಿಗೆ ಅನುಕೂಲ.