24 ಜಿಬಿ ಖಾಲಿ ಇದ್ದರೂ ಜಾಗ ಇಲ್ಲ!

"ಎಂತ ಮಾರಾಯ, ನಿನ್ನ ಮಳೆ ಲೆಕ್ಕ ಮಧ್ಯಾಹ್ನದಿಂದ ನಿಂತೇ ಹೋಗಿದೆ. ನಾಳೆ ಕೊನೆಗೌಡನಿಗೆ ಬಾ ಅನ್ನಲೋ ಬೇಡವೋ?"

ಭಾವನ ಫೋನು. ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು. ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಅದು ಒಣಗುವಷ್ಟು ಹೊತ್ತಾದರೂ ಮಳೆ ಬಿಡಬೇಕು. ಇಲ್ಲದಿದ್ದರೆ ಮೈಲುತುತ್ತ, ಸುಣ್ಣ, ಕೂಲಿ ಎಲ್ಲ ನೀರುಪಾಲು, ಅಡಿಕೆಗೆ ಕೊಳೆ ಬರುವುದು ಬರುತ್ತದೆ. ಅದಕ್ಕೇ ಹೋದ ವರ್ಷ ಮುಂಗಾರಿಗೆ ಮುಂಚೆ ಐದು ತೋಟಗಳಲ್ಲಿ ಮಳೆ ಮಾಪಕ ಇಟ್ಟೆ. ನಿಮಿಷಕ್ಕೊಮ್ಮೆ ಒಂದೊಂದು ತೋಟದ ಲೆಕ್ಕ ನಮ್ಮ ಮನೆಯ ಹಳೆ ಕಂಪ್ಯೂಟರಿಗೆ ಬರುತ್ತದೆ. ಅದರಲ್ಲಿರುವುದು ಲಿನಕ್ಸ್. ಲೆಕ್ಕಕ್ಕೆಂದೇ ಡಿಸ್ಕಿನಲ್ಲಿ 40 ಜಿಬಿಯ ಬೇರೆ ಭಾಗ (ಪಾರ್ಟಿಶನ್) ಮಾಡಿದ್ದೆ.

ಕಂಪ್ಯೂಟರ್ ತನ್ನ ಕೆಲಸದ ವಿವರ ಬರೆದಿಡುವ ಲಾಗ್ ತೆರೆದರೆ ಒಂದೇ ಸಾಲು, ಮತ್ತೆ ಮತ್ತೆ: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಸರಿ, ಡಿಸ್ಕ್ ತುಂಬಿದೆ ಅಂದುಕೊಂಡು, ಎಷ್ಟು ಜಾಗ ತುಂಬಿದೆ ಎಂದು ತೋರಿಸುವ ಡಿಎಫ್ ಕಮಾಂಡ್ ಕೊಟ್ಟೆ. ಮೂರನೇ ಒಂದು ಭಾಗವಷ್ಟೇ ತುಂಬಿದೆ, 24 ಜಿಬಿ ಖಾಲಿ! ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಅಷ್ಟೇ.

ಮೊದಲಿಗೆ ಅಳಿಸಿಯೂ ತೆರೆದೇ ಉಳಿದ ಫೈಲ್ ಇರಬಹುದು ಅನ್ನಿಸಿತು. ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಬಿಡುವುದಿಲ್ಲ. ಆದರೆ ಹಾಗಾದಾಗ ತುಂಬಿದ ಜಾಗವನ್ನು ಡಿಎಫ್ ಜಾಸ್ತಿ ತೋರಿಸುತ್ತದೆ, ಕಾಣುವ ಫೈಲುಗಳನ್ನಷ್ಟೇ ಕೂಡಿಸುವ ಡಿಯು ಕಮಾಂಡ್ ಕಡಿಮೆ ತೋರಿಸುತ್ತದೆ. ಇಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ರೀಸ್ಟಾರ್ಟೂ ಮಾಡಿದೆ, ಏನೂ ಬದಲಾಗಲಿಲ್ಲ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಯಾದ ಇಎಕ್ಸ್‌ಟಿ4ನಲ್ಲಿ ನೂರಕ್ಕೆ 5 ಭಾಗ ರೂಟ್‌ಗೆಂದು (ಯಜಮಾನ ಬಳಕೆದಾರನಿಗೆಂದು) ತೆಗೆದಿಟ್ಟಿರುತ್ತದೆ ಅನ್ನುವುದೂ ನೆನಪಾಯಿತು. ಆ 24 ಜಿಬಿ ಅದನ್ನು ಕಳೆದ ಮೇಲಿನ ಲೆಕ್ಕವೇ.

ತಲೆಕೆಟ್ಟು ಮಾಡಿದ ಕೆಲಸ ಹೇಳಿದರೆ ನಗುತ್ತೀರಿ. ತೋಟದ ಆರು ವಿಡಿಯೋ ಅದೇ ಪಾರ್ಟಿಶನ್‌ನಲ್ಲಿದ್ದವು, ಒಟ್ಟು 3 ಜಿಬಿ. ಅವನ್ನು ಅಳಿಸಿದೆ. ಲೆಕ್ಕ ಬರತೊಡಗಿತು! ಭಾವನಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡೆ, ಅಷ್ಟರಲ್ಲಿ ಮತ್ತೆ ನಿಂತಿತು. ಎಣಿಸಿದರೆ ಬಂದದ್ದು ಸರಿಯಾಗಿ ಆರು ಲೆಕ್ಕ. ಆರು ಫೈಲ್ ಅಳಿಸಿದೆ, ಆರು ಫೈಲ್ ಬಂದವು. ಹೋದ 3 ಜಿಬಿಗೆ ಬೆಲೆಯೇ ಇಲ್ಲ!

ಆಗ ಒಂದು ಪರೀಕ್ಷೆ ಮಾಡಿದೆ. ಹಳೆ ಫೈಲಿಗೆ ಒಂದು ಸಾಲು ಸೇರಿಸಿದೆ, ಸೇರಿತು. ಹೊಸ ಖಾಲಿ ಫೈಲ್ ಮಾಡಲು ಹೋದೆ, ಆಗಲಿಲ್ಲ. ಡಿಎಫ್ ಜೊತೆ ಮೈನಸ್ ಐ ಕೊಟ್ಟು ನೋಡಿದರೆ ಐನೋಡ್ ನೂರಕ್ಕೆ ನೂರು ಮುಗಿದಿತ್ತು.

ಅಡಿಕೆ ಮಂಡಿಯಲ್ಲಿ ಚೀಲಕ್ಕೊಂದು ಚೀಟಿ ಅಂತ ಇಟ್ಟುಕೊಳ್ಳಿ. ಚೀಲದಲ್ಲಿ ಒಂದು ಕ್ವಿಂಟಾಲ್ ಇರಲಿ, ಒಂದು ಬೊಗಸೆ ಇರಲಿ, ಚೀಟಿ ಒಂದು ಬೇಕೇ ಬೇಕು. ಚೀಟಿ ಪುಸ್ತಕ ಮುಗಿದರೆ ಗೋದಾಮು ಖಾಲಿ ಇದ್ದರೂ ಹೊಸ ಚೀಲ ಇಳಿಸುವ ಹಾಗಿಲ್ಲ. ಐನೋಡ್ ಅಂದರೆ ಆ ಚೀಟಿ. ಇಎಕ್ಸ್‌ಟಿ4ನಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ಅದರ ಸಂಖ್ಯೆ ನಿಗದಿಯಾಗುತ್ತದೆ, ಬೇರೆ ಏನೂ ಹೇಳದಿದ್ದರೆ 16 ಕೆಬಿಗೆ ಒಂದರಂತೆ. ನನ್ನ 40 ಜಿಬಿಗೆ 26,21,440. ಚೀಟಿ ಮುಗಿದರೂ ಜಾಗ ಮುಗಿದರೂ ಲಿನಕ್ಸ್ ಕೊಡುವುದು ಅದೇ ಒಂದು ತಪ್ಪಿನ ಸಂದೇಶ, ಸಂಖ್ಯೆ 28. ದಾರಿ ತಪ್ಪಿಸುವುದೇ ಇದು.

ಲೆಕ್ಕ ಉಳಿಸಲು ನಾನು ಬರೆದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಒಂದೊಂದು ಲೆಕ್ಕಕ್ಕೂ ಒಂದೊಂದು ಪುಟ್ಟ ಫೈಲ್ ಮಾಡುತ್ತಿತ್ತು. ಐದು ತೋಟ, ದಿನಕ್ಕೆ 1,440 ನಿಮಿಷ, ಅಂದರೆ 7,200 ಫೈಲ್. ಭಾಗಿಸಿ ನೋಡಿ, 364 ದಿನ. ಕರೆಂಟ್ ಹೋದ ಹೊತ್ತೂ ಸೇರಿ ಇನ್ನೊಂದಷ್ಟು ದಿನ ತಳ್ಳಿತು, ಅಷ್ಟೇ. ಅತ್ತ ಜಾಗ ನೋಡಿದರೆ, ಫೈಲ್ ಎಷ್ಟೇ ಚಿಕ್ಕದಿದ್ದರೂ 4 ಕೆಬಿ ಹಿಡಿಯುತ್ತದೆ. 26 ಲಕ್ಷ ಫೈಲ್ ಸೇರಿದರೂ 10 ಜಿಬಿ. ಡಿಎಫ್ ಸುಳ್ಳು ಹೇಳಿರಲಿಲ್ಲ. ಕೇಳುವ ಪ್ರಶ್ನೆಯನ್ನೇ ನಾನು ತಪ್ಪು ಕೇಳಿದ್ದೆ.

ಸುಮ್ನೆ ಅಳಿಸಿಬಿಡುವ ಹಾಗಿರಲಿಲ್ಲ, ವರ್ಷದ ಲೆಕ್ಕ ಅದು. ಒಟ್ಟುಗೂಡಿಸಿ ಇಡೋಣ ಅಂದರೆ ಅಲ್ಲೇ ಹೊಸ ಫೈಲ್ ಮಾಡಲು ಬರುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ಸಿಕ್ಕಿಸಿ, ತೋಟಕ್ಕೊಂದು ದಿನಕ್ಕೊಂದು ಫೈಲ್ ಆಗುವಂತೆ ಅದಕ್ಕೆ ಬರೆಸಿದೆ. ಫೈಲ್ ಹುಡುಕುವ ಫೈಂಡ್ ಕಮಾಂಡ್ ಕೊಡುವ ಪಟ್ಟಿ ಸಮಯದ ಕ್ರಮದಲ್ಲಿ ಇರುವುದಿಲ್ಲ. ಸಾರ್ಟ್ ಮಾಡದೆ ಮೊದಲ ಸಲ ಎಲ್ಲ ಕಲಸುಮೇಲೋಗರ ಆಯಿತು. ಫೈಲ್ ಹೆಸರಲ್ಲೇ ದಿನ, ಸಮಯ ಹಾಕಿದ್ದೆನಲ್ಲ, ಬಚಾವ್.

ಅಳಿಸುವುದೂ ಸುಲಭ ಇರಲಿಲ್ಲ. ಅಳಿಸುವ ಆರ್‌ಎಂ ಕಮಾಂಡ್ ಜೊತೆ 'ಎಲ್ಲ ಫೈಲ್' ಎಂಬ ಅರ್ಥದ ನಕ್ಷತ್ರ ಕೊಟ್ಟರೆ 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್', ಪಟ್ಟಿ ತೀರಾ ಉದ್ದ ಅಂತ ಕೈಚೆಲ್ಲಿತು. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಮಾತೇ ಇಲ್ಲ. ಕೊನೆಗೆ ಫೈಂಡ್‌ಗೆ ಡಿಲೀಟ್ ಜೋಡಿಸಿ ಓಡಲು ಬಿಟ್ಟೆ. ಹಳೆ ಹಾರ್ಡ್ ಡಿಸ್ಕ್, ಊಟ ಮುಗಿಸಿ ಬಂದರೂ ಗಿರಗಿರ ಅನ್ನುತ್ತಲೇ ಇತ್ತು. ಅಷ್ಟು ಫೈಲ್ ಹೋದ ಮೇಲೂ ಫೋಲ್ಡರ್ ತಾನು ಹಿಗ್ಗಿದಷ್ಟೇ ಉಳಿಯುತ್ತದೆ, ಇಎಕ್ಸ್‌ಟಿ4 ಅದನ್ನು ತಾನಾಗಿ ಕುಗ್ಗಿಸುವುದಿಲ್ಲ. ಅದಕ್ಕೆ ಹಳೆ ಫೋಲ್ಡರುಗಳನ್ನೇ ತೆಗೆದು ಹೊಸದು ಮಾಡಿದೆ.

ಇಎಕ್ಸ್‌ಟಿ4 ಬದಲು ಎಕ್ಸ್‌ಎಫ್‌ಎಸ್ ಹಾಕಿಬಿಡು, ಅದು ಐನೋಡನ್ನು ಬೇಕಾದ ಹಾಗೆ ಮಾಡಿಕೊಳ್ಳುತ್ತದೆ ಅಂದ ಒಬ್ಬ ಗೆಳೆಯ. ನಿಜವೇ. ಆದರೆ ತಪ್ಪು ನನ್ನ ಸ್ಕ್ರಿಪ್ಟ್‌ನದು. ಈಗ ಅದು ಆಯಾ ದಿನದ ಫೈಲಿಗೇ ಸಾಲು ಸೇರಿಸುತ್ತಾ ಹೋಗುತ್ತದೆ. ವರ್ಷಕ್ಕೆ 1,825 ಫೈಲ್. ಜಾಗವೋ ಐನೋಡೋ, ಯಾವುದೇ ನೂರಕ್ಕೆ 80 ದಾಟಿದರೂ ನನ್ನ ಮೊಬೈಲಿಗೆ ಮೆಸೇಜ್ ಬರುವಂತೆ, ಹೊತ್ತುಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದ್ದೇನೆ.

ಮಧ್ಯಾಹ್ನದಿಂದ ರಾತ್ರಿಯವರೆಗಿನ ಮಳೆ ಮಾತ್ರ ಎಲ್ಲೂ ದಾಖಲಾಗಿರಲಿಲ್ಲ. ಭಾವ ಅಂಗಳದ ಮಾಪಕವನ್ನು ದಿನಾ ಬೆಳಗ್ಗೆ 8:30ಕ್ಕೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ದಿನಕ್ಕೊಂದು ಸಾಲು. ಮರುದಿನ ಅದರ ಫೋಟೋ ತರಿಸಿಕೊಂಡು, ನನ್ನಲ್ಲಿ ಉಳಿದಿದ್ದ ಲೆಕ್ಕವನ್ನು ಅದರಿಂದ ಕಳೆದು ಅವನ ತೋಟದ ಮಟ್ಟಿಗೆ ತುಂಬಿಸಿದೆ. "ಈಗ ನನ್ನ ಪುಸ್ತಕ ಬೇಕಾಯ್ತಾ?" ಅಂದ. ಕೊನೆಗೌಡ ಆಗಲೇ ಮರ ಹತ್ತಿದ್ದ.