ಹಂದಿ ಮರಿಗೆ ಗಿಣ್ಣು ಹಾಲು: ಮೊದಲ 6 ಗಂಟೇಲಿ ಏನೇನು ಮಾಡ್ಬೇಕು

ನಾನು ಹಂದಿ ಸಾಕೋಕೆ ಶುರು ಮಾಡಿದ್ ವರ್ಷ ಒಂದು ಚೊಚ್ಚಲ ಹಂದಿ ರಾತ್ರಿ ಹೊತ್ತು 11 ಮರಿ ಹಾಕ್ತು, ಎಲ್ಲಾ ಓಡಾಡ್ತಿವೆ ಅಂತ ನಾನು ಹೋಗಿ ಮಲಗ್ಬಿಟ್ಟೆ, ವಾರದೊಳಗೆ 4 ಮರಿ ಭೇದಿ ಹತ್ಕೊಂಡು ಹೋದ್ವು. ನಾಲ್ಕೂ ಸಣ್ಣ ಮರಿಗಳೇ. ಇವತ್ತಿಗೂ ಬೇಜಾರಾಗತ್ತೆ, ಯಾಕಂದ್ರೆ ಆ ರಾತ್ರಿ ಅಲ್ಲೇ ಕೂತು ಅವಕ್ಕೆ ಗಿಣ್ಣು ಕುಡಿಸಿದ್ರೆ ಉಳಿಸ್ಕೋಬಹುದಿತ್ತು.

ವಿಷಯ ಏನಂದ್ರೆ, ಮನುಷ್ಯರಲ್ಲಿ ತಾಯಿಯ ಆಂಟಿಬಾಡಿಗಳು (ರೋಗಾಣು ವಿರುದ್ಧ ಹೋರಾಡೋ ಪ್ರೋಟೀನುಗಳು) ಮಗು ಹೊಟ್ಟೇಲಿರೋವಾಗ್ಲೇ ದಾಟ್ಕೊಂಡು ಬರ್ತವೆ, ಹಂದೀಲಿ ತಾಯಿ ರಕ್ತಕ್ಕೂ ಮರಿ ರಕ್ತಕ್ಕೂ ನಡುವೆ 6 ಪದರದ ಗೋಡೆ ಇರೋದ್ರಿಂದ ಅವು ದಾಟಲ್ಲ. ಮರಿ ಹುಟ್ಟೋದೇ ಬರಿಗೈಲಿ. ಅದಕ್ಕೆ ಸಿಗೋದೆಲ್ಲಾ ಗಿಣ್ಣು ಹಾಲಿಂದಾನೇ. ಹೊಸ ಮರಿಯ ಕರುಳು ಆ ಆಂಟಿಬಾಡಿಗಳನ್ನ ಜೀರ್ಣ ಮಾಡ್ದೆ ಇಡಿಯಾಗೇ ರಕ್ತಕ್ಕೆ ಬಿಡತ್ತೆ, ಜೀರ್ಣ ಆಗ್ದೇ ಇರ್ಲಿ ಅಂತ ಅದನ್ನ ತಡೆಯೋ ಅಂಶಾನೂ ಗಿಣ್ಣಲ್ಲೇ ಇರತ್ತೆ. ಆದ್ರೆ 24ರಿಂದ 36 ಗಂಟೆ ಕಳೆದ್ರೆ ಆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಹಾಲೂ ತೆಳ್ಳಗಾಗ್ತಾ ಬರತ್ತೆ, ಹಾಗಾಗಿ ನಿಜವಾದ ಟೈಮ್ ಅಂದ್ರೆ ಮೊದಲ 6 ಗಂಟೆ.

ಕೆಲ್ಸ ಶುರುವಾಗೋದು ಈಯೋಕೆ ಮುಂಚೇನೆ. ಗಬ್ಬ 114 ದಿನ ಅಲ್ವಾ, ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದಿಂದ ಮರಿಗೆ ಬರೋ ಭೇದಿಯ ಲಸಿಕೆ ತಾಯಿಗೆ ಮೊದಲ ಸಲ ಹಾಕಿಸೋದಾದ್ರೆ ಎರಡು ಡೋಸ್ ಬೇಕು, ಕೊನೇ ಡೋಸ್ ಈಯೋ ದಿನಕ್ಕೆ 2-3 ವಾರ ಮುಂಚೆ ಬೀಳೋ ಹಾಗೆ ಡಾಕ್ಟರ್ ಹತ್ರ ಕೇಳಿ ಹಾಕಿಸಿ. ಇನ್ನೊಂದು, ತಾಯಿ ಯಾವ ರೋಗಾಣು ಕಂಡಿರತ್ತೋ ಅದಕ್ಕೆ ಮಾತ್ರ ಆಂಟಿಬಾಡಿ ಕೊಡತ್ತೆ, ಅದಕ್ಕೇ ತುಂಬು ಗಬ್ಬದ ಹಂದಿ ತಂದು ಮಾರನೇ ವಾರ ನಿಮ್ಮ ಶೆಡ್ಡಲ್ಲಿ ಈಯಿಸ್ಬೇಡಿ.

ಈಯೋವಾಗ ಜೊತೇಲೇ ಇರಿ. ಮರಿ ಬಿದ್ದ ತಕ್ಷಣ ಒಣ ಬಟ್ಟೇಲಿ ಒರೆಸಿ ಮೊಲೆಗೆ ಹಿಡೀರಿ, ಪಕ್ಕದಲ್ಲಿ ಬಲ್ಬ್ ಹಾಕಿ 32-35 ಡಿಗ್ರಿ ಬೆಚ್ಚಗೆ ಇಡಿ, ಥಂಡಿ ಹಿಡಿದ ಮರಿ ಚೀಪಲ್ಲ. ಹಲ್ಲು ಕತ್ತರಿಸೋದು, ಕಬ್ಬಿಣದ ಇಂಜೆಕ್ಷನ್ ಎಲ್ಲಾ ಆಮೇಲೆ.

ಒಂದೊಂದು ಮರಿಗೂ ಮೊದಲ ದಿನ 200-250 ಗ್ರಾಂ ಗಿಣ್ಣು ಬೇಕು. ಮೊದಲು ಹುಟ್ಟಿದ ದಪ್ಪ ಮರಿಗಳು ಕುಡೀತಾನೇ ಇರ್ತವೆ, ಕೊನೇವು ಬರೋಷ್ಟರಲ್ಲಿ ಜಾಗಾನೇ ಇರಲ್ಲ. ಅದಕ್ಕೆ ಹೊಟ್ಟೆ ತುಂಬಿದವಕ್ಕೆ ಬೆನ್ನ ಮೇಲೆ ಮಾರ್ಕ್ ಹಾಕಿ, ಒಂದು ಗಂಟೆ ಬಲ್ಬಿನ ಡಬ್ಬಕ್ಕೆ ಹಾಕಿ, ಸಣ್ಣವನ್ನ ಮೊಲೆಗೆ ಬಿಡಿ. ಇಷ್ಟೇ ಕೆಲ್ಸ, ಖರ್ಚು ಏನೂ ಇಲ್ಲ, ಆದ್ರೂ ಬಹಳ ಜನ ಮಾಡಲ್ಲ.

ಚೀಪೋಕೂ ಶಕ್ತಿ ಇಲ್ದೇ ಇರೋ ಮರಿಗೆ ಕೈಯಲ್ಲಿ ಹಿಂಡಿ ಕೊಡ್ಬೇಕು. ಈಯ್ತಿರೋವಾಗ ಹಾಲು ತಾನಾಗೇ ಇಳಿಯತ್ತೆ, ಸುಲಭ. ಸಲಕ್ಕೆ 10-15 ಎಂಎಲ್ ಸಾಕು, ಟ್ಯೂಬಲ್ಲಿ ಹಾಕೋದನ್ನ ಡಾಕ್ಟರ್ ಹತ್ರ ಕಲ್ತ್ಕೊಂಡೇ ಮಾಡಿ, ಶ್ವಾಸಕ್ಕೆ ಹೋದ್ರೆ ಮರಿ ಹೋಗತ್ತೆ. ಮಿಕ್ಕಿದ್ದನ್ನ ಫ್ರೀಜರ್‌ನಲ್ಲಿಟ್ರೆ ಆಮೇಲೆ ಬಳಸ್ಬಹುದು, ಬೆಚ್ಚಗಿನ ನೀರಲ್ಲಿ ಪಾತ್ರೆ ಇಟ್ಟು ಕರಗಿಸಿ. ಹಸುವಿನ ಗಿಣ್ಣು ಕಾಯಿಸೋ ಹಾಗೆ ಒಲೆ ಮೇಲಿಟ್ರೆ ಆಂಟಿಬಾಡಿ ಎಲ್ಲಾ ಹಾಳು.

ಮರಿ ಜಾಸ್ತಿ ಅಂತ ಬೇರೆ ಹಂದಿಗೆ ಸೇರಿಸೋದಿದ್ರೂ ಮೊದಲು ಹೆತ್ತ ತಾಯಿಯ ಗಿಣ್ಣು ಕುಡೀಲಿ. ಗಿಣ್ಣಲ್ಲಿ ಆಂಟಿಬಾಡಿ ಜೊತೆ ರೋಗದ ಜೊತೆ ಹೋರಾಡೋ ಜೀವಕೋಶಗಳೂ ಇರ್ತವೆ, ಅವನ್ನ ಮರಿ ತಗೊಳ್ಳೋದು ಸ್ವಂತ ತಾಯಿ ಹಾಲಿಂದ ಮಾತ್ರ.

ಆಮೇಲಿನ ಹಾಲೂ ವೇಸ್ಟ್ ಅಲ್ಲ, ಅದರ ಆಂಟಿಬಾಡಿ ರಕ್ತಕ್ಕೆ ಹೋಗ್ದೇ ಇದ್ರೂ ಕರುಳಿನ ಒಳಗೆ ಕಾವಲು ಇರತ್ತೆ. ಹಾಲು ಬಿಡಿಸಿದ ದಿನ ಆ ಕಾವಲು ನಿಂತೇ ಹೋಗತ್ತೆ, ಅದಕ್ಕೇ ಆಗ ಭೇದಿ ಜಾಸ್ತಿ. ತಾಯಿಯಿಂದ ಬಂದ ಆಂಟಿಬಾಡಿ ಮರಿಯ ರಕ್ತದಲ್ಲಿ ಜೋರಾಗಿ ಇರೋವಾಗ್ಲೇ ಹಂದಿ ಜ್ವರದ ಲಸಿಕೆ ಹಾಕಿದ್ರೆ ಅದು ಸರಿಯಾಗಿ ಹತ್ತಲ್ಲ, ಆದ್ರಿಂದ ತಾಯಿಗೆ ಯಾವಾಗ ಲಸಿಕೆ ಆಗಿತ್ತು ಅನ್ನೋ ತಾರೀಖು ಡಾಕ್ಟರಿಗೆ ತೋರಿಸಿ ಮರಿಗಳ ದಿನ ಗೊತ್ತು ಮಾಡ್ಕೊಳ್ಳಿ.