ಪೀಠದ ಸಹಿಯಿಂದ ಜಾಲದ ಚಿತ್ರಕ್ಕೆ: ಹೊಯ್ಸಳ ಶಿಲ್ಪಿಗಳ ನಂಟು ಬಿಡಿಸುವುದು ಹೇಗೆ?

ಬೇಲೂರು, ಅಮೃತಪುರ, ನುಗ್ಗೇಹಳ್ಳಿ, ಸೋಮನಾಥಪುರದಂಥ ಹೊಯ್ಸಳ ಗುಡಿಗಳಲ್ಲಿ ಕೆತ್ತಿದವರೇ ಹೆಸರು ಬಿಟ್ಟು ಹೋಗಿದ್ದಾರೆ. ಯಾರು ಯಾವ ಗುಡಿಯಲ್ಲಿ, ಯಾರೊಂದಿಗೆ ದುಡಿದರು ಎಂಬುದನ್ನು ಜಾಲವಾಗಿ (ಶಿಲ್ಪಿ, ಗುಡಿಗಳು ಬಿಂದುಗಳು, ನಡುವಿನ ನಂಟು ಗೆರೆ) ಬಿಡಿಸಲು ಜೆಫಿ (Gephi) ಎಂಬ ಉಚಿತ ತಂತ್ರಾಂಶ, ಒಂದು ಸ್ಪ್ರೆಡ್‌ಶೀಟ್ ಸಾಕು. ಚಿತ್ರ ಬಿಡಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೂ ಮುಂಚೆ ಹೆಸರುಗಳೊಂದಿಗೆ ವಾರಗಟ್ಟಲೆ ಗುದ್ದಾಡಬೇಕು, ಅಸಲು ಸಂಶೋಧನೆ ನಡೆಯುವುದೂ ಅಲ್ಲೇ.

ಪಟ್ಟಿ ಮಾಡುವುದು

ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಮತ್ತು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿಂದ ಶುರು ಮಾಡಿ. ಒಂದು ಸಹಿಗೆ ಒಂದು ಸಾಲು. ಕಾಲಂಗಳು ಇವು: ಕಲ್ಲಿನ ಮೇಲಿದ್ದ ರೂಪ, ನೀವು ಸರಿಪಡಿಸಿ ಬರೆದ ರೂಪ, ವ್ಯಕ್ತಿಯ ಐಡಿ, ಗುಡಿ, ವರ್ಷ, ಸಹಿ ಇರುವ ಜಾಗ, ಖಚಿತತೆ (1ರಿಂದ 3; 1 ಖಚಿತ, 3 ಅನುಮಾನ), ಸಂಪುಟ ಮತ್ತು ಶಾಸನ ಸಂಖ್ಯೆ. ಮೊದಲ ಕಾಲಂ ಅನ್ನು ಎಂದಿಗೂ ತಿದ್ದಬೇಡಿ. ಕಲ್ಲಿನಲ್ಲಿ ‘ಮಲ್ಲಿತಂಮ’ ಎಂದಿದ್ದರೆ ಹಾಗೇ ಇರಲಿ, ‘ಮಲ್ಲಿತಮ್ಮ’ ಎಂಬುದು ಎರಡನೆಯ ಕಾಲಂಗೆ. ‘ರೂವಾರಿ’ ಕಸುಬಿನ ಹೆಸರು, ಅದನ್ನು ಬೇರೆ ಮಾಡಿ. ದಾಸೋಜ, ಬೈಚೋಜ ಎಂಬಲ್ಲಿನ ‘ಓಜ’ ಹೆಸರಿನ ಭಾಗವೇ, ಕತ್ತರಿಸಬೇಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಸಿಗುತ್ತಾರೆ. ಇಂಥ ರಕ್ತಸಂಬಂಧಕ್ಕೆ ಬೇರೆಯೇ ಒಂದು ಪಟ್ಟಿ ಇಡಿ.

ಒಬ್ಬನೋ ಇಬ್ಬರೋ?

ಮಲ್ಲಿತಮ್ಮನ ಹೆಸರು 1196ರ ಅಮೃತಪುರದಲ್ಲೂ ಇದೆ, 1246ರ ನುಗ್ಗೇಹಳ್ಳಿಯಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ಮೊದಲಿನಿಂದ ಕೊನೆಗೆ 62 ವರ್ಷ. ಹದಿನೆಂಟಕ್ಕೆ ಉಳಿ ಹಿಡಿದಿದ್ದರೆ ಕೊನೆಗೆ ಎಂಬತ್ತು. ಅಸಾಧ್ಯವೇನಲ್ಲ, ಆದರೆ ತಾತನ ಹೆಸರಿಟ್ಟುಕೊಂಡ ಮೊಮ್ಮಗನೂ ಇರಬಹುದಲ್ಲ! ಎಲ್ಲವನ್ನೂ ಒಂದೇ ಬಿಂದು ಮಾಡಿದಿರೋ, ದೂರದೂರದ ಗುಡಿಗಳನ್ನು ಹೆಣೆದ ಮಹಾಶಿಲ್ಪಿಯೊಬ್ಬ ಪರದೆಯ ನಡುವೆ ಎದ್ದು ನಿಲ್ಲುತ್ತಾನೆ. ಅವನನ್ನು ನಿಲ್ಲಿಸಿದ್ದು ಕಲ್ಲಲ್ಲ, ನೀವು ಕೊಟ್ಟ ಐಡಿ. ಆದ್ದರಿಂದ ಮೊದಲು ಗುಡಿಗೊಂದು ಐಡಿ ಕೊಡಿ: ಮಲ್ಲಿ-1, ಮಲ್ಲಿ-2, ಮಲ್ಲಿ-3. ಆಧಾರ ಸಿಕ್ಕಿದಷ್ಟನ್ನೇ ಒಂದಾಗಿಸಿ, ಒಂದಾಗಿಸಿದ್ದು, ಬಿಡಿಯಾಗಿಟ್ಟದ್ದು ಎರಡೂ ಬಗೆಯ ಚಿತ್ರ ತೆಗೆದು ಹೋಲಿಸಿ. ಬರೀ ‘ಮ’ ಎಂಬಷ್ಟೇ ಸಹಿ ಇದ್ದರೆ ಖಚಿತತೆ 3 ಹಾಕಿ ಬದಿಗಿಡಿ.

ಜೆಫಿಗೆ ಹಾಕುವುದು

ಎರಡು ಕಡತ ಬೇಕು. ಬಿಂದುಗಳ ಕಡತದಲ್ಲಿ ಐಡಿ, ಲೇಬಲ್ ಮತ್ತು ಬಗೆ (ಶಿಲ್ಪಿ ಅಥವಾ ಗುಡಿ). ಗೆರೆಗಳ ಕಡತದಲ್ಲಿ ಸೋರ್ಸ್, ಟಾರ್ಗೆಟ್, ಟೈಪ್, ವೇಟ್. ಈ ತಲೆಬರಹಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಟೈಪ್ ‘ಅನ್‌ಡೈರೆಕ್ಟೆಡ್’ (ದಿಕ್ಕಿಲ್ಲದ ಗೆರೆ), ವೇಟ್ ಎಂದರೆ ಆ ಗುಡಿಯಲ್ಲಿ ಆ ಶಿಲ್ಪಿಯ ಸಹಿಗಳ ಸಂಖ್ಯೆ.

ಎಕ್ಸೆಲ್‌ನಲ್ಲಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಬರೀ ಸಿಎಸ್‌ವಿ ಎಂದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಹಳೆಯ ‘ನುಡಿ’, ‘ಬರಹ’ ಫಾಂಟ್‌ಗಳ ಕಡತವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಕಣ್ಣಿಗೆ ಒಂದೇ ಎನಿಸುವ ಹೆಸರು ಎರಡು ಬಿಂದುವಾಗಿ ಬಂದರೆ, ನಡುವೆ ಕಾಣದ ಜೋಡಕ ಅಕ್ಷರವೋ ಕೊನೆಯಲ್ಲಿ ಖಾಲಿ ಜಾಗವೋ ಅಡಗಿರುತ್ತದೆ. ಮಲ್ಲಿ-1 ಎಂಬಂಥದ್ದನ್ನು ಲೇಬಲ್‌ಗೆ ಬಿಟ್ಟು, ಐಡಿಯನ್ನು ಬರೀ ಅಂಕಿಯಲ್ಲಿ ಕೊಟ್ಟರೆ ಈ ತಲೆನೋವೇ ಇಲ್ಲ.

ಮೊದಲು ಬಿಂದುಗಳು, ಆಮೇಲೆ ಗೆರೆಗಳು. ಎರಡನೆಯ ಕಡತ ತರುವಾಗ ‘ಅಪೆಂಡ್ ಟು ಎಕ್ಸಿಸ್ಟಿಂಗ್ ವರ್ಕ್‌ಸ್ಪೇಸ್’ ಗುರುತು ಮಾಡಿ. ಮರೆತರೆ ಗೆರೆಗಳು ಬೇರೆ ಹಾಳೆಗೆ ಹೋಗಿ ಕೂರುತ್ತವೆ. ಲೇಔಟ್‌ನಲ್ಲಿ, ನಂಟಿರುವ ಬಿಂದುಗಳನ್ನು ಹತ್ತಿರ ಎಳೆಯುವ ಫೋರ್ಸ್‌ಅಟ್ಲಾಸ್ 2 ಓಡಿಸಿ. ಬಿಂದುಗಳು ಮುದ್ದೆಗಟ್ಟಿದರೆ ಸ್ಕೇಲಿಂಗ್ ಏರಿಸಿ. ಅಲುಗಾಟ ನಿಂತಿತೆನಿಸಿದಾಗ ನೀವೇ ನಿಲ್ಲಿಸಬೇಕು. ಬಿಂದುಗಳು ಒಂದರ ಮೇಲೊಂದು ಬೀಳದಂತೆ ‘ಪ್ರಿವೆಂಟ್ ಓವರ್‌ಲ್ಯಾಪ್’ ಕೊನೆಗೆ. ಅಕ್ಷರದ ಬದಲು ಚೌಕ ಕಂಡರೆ ಫಾಂಟ್ ನೋಟೋ ಸಾನ್ಸ್ ಕನ್ನಡ ಮಾಡಿ.

ಓದುವಾಗ

ಮೇಲೆ, ಕೆಳಗೆ, ಎಡ, ಬಲ ಯಾವುದಕ್ಕೂ ಅರ್ಥವಿಲ್ಲ. ಮತ್ತೆ ಓಡಿಸಿದರೆ ಚಿತ್ರ ತಿರುಗಿ ಕೂರುತ್ತದೆ. ಸಹಿ ಹೆಚ್ಚಿರುವ ಗುಡಿ ಎಲ್ಲರನ್ನೂ ತನ್ನತ್ತ ಎಳೆಯುವುದರಿಂದ ‘ಎಡ್ಜ್ ವೇಟ್ ಇನ್‌ಫ್ಲುಯೆನ್ಸ್’ (ಗೆರೆಯ ತೂಕದ ಪ್ರಭಾವ) 0 ಮಾಡಿಯೂ ಒಮ್ಮೆ ನೋಡಿ. ಗುಡಿಗಳನ್ನು ಕಿತ್ತು ಶಿಲ್ಪಿ-ಶಿಲ್ಪಿ ಜಾಲ ಮಾಡುವ ಆಸೆ ಬಂದೇ ಬರುತ್ತದೆ. ಒಂದೇ ಗುಡಿಯ ಎಂಟು ಮಂದಿ ಆಗ, ಪ್ರತಿ ಜೋಡಿಗೊಂದರಂತೆ, 28 ಗೆರೆಯಾಗುತ್ತಾರೆ. ನುಗ್ಗೇಹಳ್ಳಿಯಲ್ಲಿ ದಕ್ಷಿಣದ ಬದಿ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಅವರಿಬ್ಬರ ನಡುವಿನ ಗೆರೆ ಗೆಳೆತನವೋ ಪೈಪೋಟಿಯೋ ಜಾಲ ಹೇಳದು. ಸಹಿ ಹಾಕದ ಶಿಲ್ಪಿಯಂತೂ ಚಿತ್ರದಲ್ಲೇ ಇಲ್ಲ, ಅವನು ಗುಡಿಯಲ್ಲೂ ಇರಲಿಲ್ಲ ಎಂದು ಬರೆಯಬೇಡಿ.

ಅಚ್ಚಿಗೆ ಎಸ್‌ವಿಜಿಯಲ್ಲಿ ತೆಗೆಯಿರಿ, ದೊಡ್ಡದು ಮಾಡಿದರೂ ಅಕ್ಷರ ಒಡೆಯದು. ಚಿತ್ರದಡಿ ಎಷ್ಟು ಸಹಿ, ಎಷ್ಟು ಗುಡಿ, ಯಾವ ಯಾವ ಮಲ್ಲಿತಮ್ಮರನ್ನು ಒಂದಾಗಿಸಿದ್ದೀರಿ ಎಂದು ನಮೂದಿಸಿ. ಜೆಫಿಯೊಳಗೆ ಬಿಂದುಗಳನ್ನು ಬೆಸೆಯುವ ಮುಂಚೆ ಕಡತದ ಇನ್ನೊಂದು ಪ್ರತಿ ಉಳಿಸಿಕೊಂಡಿರಿ, ಅನ್‌ಡೂ ನೆಚ್ಚಿಕೊಂಡು ಕೂರಬೇಡಿ.